ರೈಫಲ್ ಹಿಡಿಯುವುದರಿಂದ ಒದೆತ ತಾಳುವವರೆಗೆ: ಗುರಿ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿಯ ಮಾತು ಶುರುವಾಗುತ್ತದೆ. ಸೆಪ್ಟೆಂಬರ್ 3ರ ಆಸುಪಾಸಿನಲ್ಲಿ ಅಂಥ ಮೈದಾನದ ಅಂಚಿನಲ್ಲಿ ನಿಂತು, ಕಾಯಿಯನ್ನು ಬಿಟ್ಟು ಹೊಡೆಯುವವರನ್ನೇ ಗಮನಿಸಿ. ಗುರಿ ತಪ್ಪುವವರಲ್ಲಿ ಬಹಳಷ್ಟು ಮಂದಿಗೆ ಗುರಿ ಹಿಡಿಯಲು ಚೆನ್ನಾಗಿಯೇ ಬರುತ್ತದೆ. ಸೈಟು (ಗುರಿ ನೋಡಲು ಬಂದೂಕಿನ ಮೇಲಿರುವ ಗುರುತು) ಕಾಯಿಯ ಮೇಲೆ ಸರಿಯಾಗಿ ಕೂತಿರುತ್ತದೆ. ಟ್ರಿಗರ್ ಒತ್ತುವ ಹೊತ್ತಿಗೆ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ನುಗ್ಗುತ್ತದೆ, ನಳಿಗೆಯ ತುದಿ ಕೆಳಗೆ ಬಾಗುತ್ತದೆ. ಕೋವಿ ಒದೆಯುತ್ತದೆ ಎಂದು ಮೈ ಮೊದಲೇ ಹೆದರಿರುತ್ತದೆ. ಗುಂಡು ಕಾಯಿಯ ಕೆಳಗಿನ ಮಣ್ಣಿಗೆ ಹೋಗುತ್ತದೆ.

ಈ ಬರಹದ ಮುಖ್ಯ ವಿಷಯ ಅದೇ. ಒದೆತವನ್ನು ತೋಳಿನ ಬಲದಿಂದ ತಡೆಯಬೇಕೆಂಬ ನಂಬಿಕೆಯಿಂದ ಹೊಸಬರಿಗೆ ಆಗಿರುವ ಕೇಡು ದೊಡ್ಡದು. ಒದೆತಕ್ಕೆ ಬೇಕಾದದ್ದು ಬಂದೂಕಿನ ಅಳತೆ, ನಿಲುವು, ಮತ್ತು ಹೆದರದ ಹಾಗೆ ಪಳಗಿದ ಬೆರಳು. ಇವು ಮೂರೂ ಸಣ್ಣ ಬೋರಿನಲ್ಲೇ (ಬೋರು ಅಂದರೆ ನಳಿಗೆಯ ಒಳಗಿನ ಅಗಲ) ಕಲಿಯಬೇಕಾದವು.

ಮೊದಲು ಕಾನೂನು

ನಮ್ಮ ದೇಶದಲ್ಲಿ ಬಂದೂಕು 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿ ಬರುತ್ತದೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಟ್ಟ ರಿಯಾಯಿತಿಯ ಮುಂದುವರಿಕೆ ಅದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ವಿನಾಯಿತಿ ಇದೆ ಎಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಹೊಡೆಯಬಹುದು ಅಂತಲ್ಲ. ಗಂಡು ಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು ಈಡು ಎಂಬುದು ಅಲ್ಲಿನ ಸಂಪ್ರದಾಯ. ಮದುವೆ ಮೆರವಣಿಗೆಯಲ್ಲಿ ಖುಷಿಗೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತರುವುದು ಬೇರೆ ಮಾತು, 2019ರ ತಿದ್ದುಪಡಿಯ ನಂತರ ಅದಕ್ಕೆ ಜೈಲು ಶಿಕ್ಷೆಯೇ ಇದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ. ಇಲ್ಲಿ ಹೇಳುತ್ತಿರುವುದೆಲ್ಲ ಕಾಗದದ ಗುರಿ, ತೆಂಗಿನಕಾಯಿ, ರೇಂಜ್ ಇವಿಷ್ಟಕ್ಕೆ.

ಲೈಸೆನ್ಸ್ ಇಲ್ಲದವರಿಗೆ ಸರಿಯಾದ ದಾರಿ ರೈಫಲ್ ಕ್ಲಬ್. ಅಲ್ಲಿ ತರಬೇತುದಾರರ ಎದುರು ಕ್ಲಬ್ಬಿನದೇ ರೈಫಲ್ ಹಿಡಿದು ಕಲಿಯಬಹುದು. ಕಾಲೇಜಿನಲ್ಲಿರುವವರಿಗೆ ಎನ್‌ಸಿಸಿ ಇದೆ. ಕರ್ನಾಟಕದಲ್ಲಿ ರೈಫಲ್ ಮುಟ್ಟಿದ ಎಷ್ಟೋ ಜನರ ಮೊದಲ ಗುಂಡು ಎನ್‌ಸಿಸಿ ಕ್ಯಾಂಪಿನ .22 (0.22 ಇಂಚು ಬೋರಿನ) ರೈಫಲ್‌ನದೇ. 4.5 ಮಿಲಿಮೀಟರ್ ಬೋರಿನ, 20 ಜೌಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಆದರೆ ಅದೂ ಆಟಿಕೆಯಲ್ಲ. ಕಣ್ಣು ತೆಗೆಯುವಷ್ಟು ಶಕ್ತಿ ಅದಕ್ಕಿದೆ.

ಕೋವಿ ಯಾಕೆ ಒದೆಯುತ್ತದೆ, ಎಷ್ಟು ಒದೆಯುತ್ತದೆ

ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೇ ನಿಯಮವೇ. ಗುಂಡು ಮುಂದಕ್ಕೆ ಹೋಗುವಾಗ ಎಷ್ಟು ಆವೇಗ ತೆಗೆದುಕೊಳ್ಳುತ್ತದೋ ಅಷ್ಟನ್ನೇ ಬಂದೂಕು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಒಂದು 12 ಬೋರ್ ಕೋವಿಯ ಲೆಕ್ಕ ನೋಡಿ. 32 ಗ್ರಾಂ ಚರೆ (ಒಟ್ಟಿಗೆ ಹಾರುವ ಸಣ್ಣ ಗುಂಡುಗಳು) ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟಿತು, ಕೋವಿಯ ತೂಕ 3.2 ಕಿಲೋ ಅಂದುಕೊಳ್ಳೋಣ. 0.032 ಇಂಟು 400 ಅಂದರೆ 12.8, ಅದನ್ನು 3.2ರಿಂದ ಭಾಗಿಸಿದರೆ ಕೋವಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಭುಜದ ಕಡೆಗೆ ಬರುತ್ತದೆ. ಶಕ್ತಿಯಲ್ಲಿ ಹೇಳುವುದಾದರೆ 25 ಜೌಲ್ ಮೀರುತ್ತದೆ. ಮದ್ದಿನ ಹೊಗೆಯೂ ರಭಸದಿಂದ ಹೊರನುಗ್ಗುವುದರಿಂದ ನಿಜವಾದ ಒದೆತ ಇದಕ್ಕಿಂತ ಜಾಸ್ತಿ.

ಅದೇ .22 ರೈಫಲ್ ತೆಗೆದುಕೊಳ್ಳಿ. ಗುಂಡು 2.6 ಗ್ರಾಂ, ವೇಗ ಸೆಕೆಂಡಿಗೆ 330 ಮೀಟರ್ ಆಸುಪಾಸು. ಮೂರು ಕಿಲೋ ರೈಫಲ್‌ಗೆ ಬರುವ ಒದೆತ ಕಾಲು ಜೌಲ್ ಕೂಡ ಇಲ್ಲ. ನಮ್ಮಲ್ಲಿ ಲೈಸೆನ್ಸ್ ಮೇಲೆ ಸಿಗುವ .315 ಮತ್ತು .30-06 ರೈಫಲ್‌ಗಳ ಒದೆತ 20 ಜೌಲ್ ದಾಟುತ್ತದೆ, ಅಂದರೆ .22ರ ನೂರು ಪಟ್ಟು. .22ರಲ್ಲಿ ನಾಲ್ಕು ಗುಂಡು ಹೊಡೆದು ‘ಬಂತು’ ಅಂದುಕೊಂಡವರು ನೇರ ದೊಡ್ಡ ಬೋರಿಗೆ ಹೋಗಿ ಭುಜ ಕಪ್ಪಾಗಿಸಿಕೊಳ್ಳುವುದಕ್ಕೆ ಈ ಅಂತರವೇ ಕಾರಣ.

ಈ ಲೆಕ್ಕದಿಂದ ತಿಳಿಯುವುದು ಎರಡು. ಒಂದು, ಭಾರದ ಬಂದೂಕು ಕಡಿಮೆ ಒದೆಯುತ್ತದೆ. ತೂಕ ಇಮ್ಮಡಿಯಾದರೆ ಒದೆತದ ಶಕ್ತಿ ಅರ್ಧಕ್ಕಿಳಿಯುತ್ತದೆ. ‘ಹೊಸಬರಿಗೆ ಹಗುರ ಕೋವಿ ಕೊಡಿ’ ಅನ್ನುವುದು ಹೊತ್ತು ತಿರುಗಲಿಕ್ಕೆ ಸರಿ, ಹೊಡೆಯಲಿಕ್ಕೆ ತಪ್ಪು. ಎರಡನೆಯದು ಇನ್ನೂ ಮುಖ್ಯ. ಮದ್ದು ಹತ್ತಿಕೊಂಡ ಮೇಲೆ ಗುಂಡು ನಳಿಗೆ ಬಿಟ್ಟು ಹೊರಬೀಳಲು ಎರಡು ಮೂರು ಮಿಲಿಸೆಕೆಂಡ್ ಸಾಕು. ಅಷ್ಟರಲ್ಲಿ ಬಂದೂಕು ಹಿಂದೆ ಸರಿದಿರುವುದು ಕೆಲವೇ ಮಿಲಿಮೀಟರ್. ಮನುಷ್ಯನ ಮೈ ಏನಾಯಿತೆಂದು ತಿಳಿದು ಪ್ರತಿಕ್ರಿಯಿಸಲು ಅದರ ಹತ್ತಾರು ಪಟ್ಟು ಸಮಯ ಬೇಕು. ಹಾಗಾಗಿ ಒದೆತ ಬಂದಾಗ ನೀವು ಮಾಡುವ ಯಾವುದೂ ಆ ಗುಂಡಿನ ದಾರಿ ಬದಲಿಸುವುದಿಲ್ಲ. ಒದೆತ ಬರುವ ಮುಂಚೆ ನೀವು ಮಾಡಿದ್ದು ಮಾತ್ರ ಬದಲಿಸುತ್ತದೆ.

ಮುಟ್ಟುವ ಮೊದಲಿನ ನಾಲ್ಕು ಕಟ್ಟಳೆ

1. ಬಂದೂಕು ಯಾವಾಗಲೂ ತುಂಬಿದೆ ಎಂದೇ ತಿಳಿಯಿರಿ. ಕೈಗೆ ಬಂದೊಡನೆ ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ಅಗುಳಿ) ತೆರೆದು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಈಗಷ್ಟೇ ಪಕ್ಕದವರು ನೋಡಿ ಕೊಟ್ಟಿದ್ದರೂ ಸರಿ.
2. ನಾಶವಾಗಬಾರದ ಯಾವುದರ ಕಡೆಗೂ ನಳಿಗೆ ತಿರುಗಬಾರದು.
3. ಸೈಟು ಗುರಿಯ ಮೇಲೆ ಕೂರುವವರೆಗೆ ಬೆರಳು ಟ್ರಿಗರಿನ ಹೊರಗೆ, ಬಂದೂಕಿನ ಮರದ ಭಾಗದ ಮೇಲೆ ಚಾಚಿಕೊಂಡಿರಬೇಕು.
4. ಗುರಿ ಯಾವುದು, ಗುರಿಯ ಹಿಂದೆ ಏನಿದೆ ಎಂದು ತಿಳಿದಿರಬೇಕು. ಪುಟ್ಟ .22 ಗುಂಡು ಕೂಡ ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು.

ಕಿವಿಯ ಬಗ್ಗೆ ನಮ್ಮಲ್ಲಿ ಉದಾಸೀನ ಜಾಸ್ತಿ. ಹಳೆಯ ಬೇಟೆಗಾರರಲ್ಲಿ ಅನೇಕರಿಗೆ ಎಡಗಿವಿ ಮಂದ. ಬಲಗೈಯವರ ಎಡಗಿವಿ ನಳಿಗೆಯ ಕಡೆಗೆ ತಿರುಗಿರುತ್ತದೆ, ಅದಕ್ಕೇ. .22ರ ಸದ್ದೇ 140 ಡೆಸಿಬೆಲ್ ಆಸುಪಾಸು, ದೊಡ್ಡ ಬೋರಿನದು ಅದಕ್ಕೂ ಮೇಲೆ. ಹೋದ ಕಿವಿ ಮರಳಿ ಬರುವುದಿಲ್ಲ. ಒಳಗೆ ಫೋಮ್ ಪ್ಲಗ್, ಮೇಲೆ ಇಯರ್ ಮಫ್, ಎರಡನ್ನೂ ಹಾಕಿ. ಇದಕ್ಕೆ ಇನ್ನೊಂದು ಲಾಭವಿದೆ: ಹೊಸಬರು ಒದೆತಕ್ಕೆ ಹೆದರಿದೆವೆಂದು ಹೇಳುವಾಗ ಅರ್ಧಕ್ಕರ್ಧ ಹೆದರಿರುವುದು ಸದ್ದಿಗೆ. ಕಿವಿ ಮುಚ್ಚಿದರೆ ಅದೇ ಬಂದೂಕು ಮೆತ್ತಗಾದಂತೆ ಅನಿಸುತ್ತದೆ. ಕಣ್ಣಿಗೆ ಗಟ್ಟಿ ಪಾಲಿಕಾರ್ಬೊನೇಟ್ ಕನ್ನಡಕ ಇರಲಿ.

ಯಾವುದರಿಂದ ಶುರು ಮಾಡಬೇಕು

ಏರ್ ರೈಫಲ್, ಆಮೇಲೆ .22, ಅದಾದ ಮೇಲೆಯೇ ದೊಡ್ಡದು. ಇದನ್ನು ಹಿಂದುಮುಂದು ಮಾಡಬೇಡಿ.

ಏರ್ ರೈಫಲನ್ನು ಮಕ್ಕಳ ಸಾಮಾನೆಂದು ತಳ್ಳಿಹಾಕುವವರಿಗೆ ಒಂದು ಮಾತು: 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು 10 ಮೀಟರ್ ಏರ್ ರೈಫಲಿನಲ್ಲಿ. ಆ ಗುರಿಯ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಆದರೆ ನಮ್ಮ ಮನೆಗಳಲ್ಲಿರುವ ಮಡಚಿ ತುಂಬುವ ಸ್ಪ್ರಿಂಗ್ ಏರ್‌ಗನ್ನಿನ ಸ್ವಭಾವ ಬೇರೆ. ಒಳಗಿನ ಪಿಸ್ಟನ್ ಹೊರಟಾಗ ಗನ್ನು ಹಿಂದಕ್ಕೂ, ಅದು ಕೊನೆಗೆ ಬಡಿದಾಗ ಮುಂದಕ್ಕೂ ಜಗ್ಗುತ್ತದೆ. ಪೆಲೆಟ್ ನಳಿಗೆ ಬಿಡುವ ಮೊದಲೇ ಈ ಕುಲುಕಾಟ ಶುರುವಾಗಿರುತ್ತದೆ. ಅದನ್ನು ಬಿಗಿಯಾಗಿ ಹಿಡಿದಷ್ಟೂ ಗುರಿ ಚೆದುರುತ್ತದೆ. ಎಡ ಅಂಗೈಯ ಮೇಲೆ ಸುಮ್ಮನೆ ಇಟ್ಟುಕೊಂಡು ಅದರ ಪಾಡಿಗೆ ಅಲುಗಲು ಬಿಡಬೇಕು.

ಕಲಿಕೆಯ ನಿಜವಾದ ಗೆಳೆಯ .22 ಬೋಲ್ಟ್ ರೈಫಲ್. ತೋಟಾ (ಮದ್ದು, ಗುಂಡು ಎರಡೂ ಇರುವ ಕೊಳವೆ) ಅಗ್ಗ, ಒದೆತ ಇಲ್ಲವೆನ್ನಬಹುದು, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ್ದರಿಂದ ಆತುರಕ್ಕೆ ಜಾಗವಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದು ಇದೇ ಬೋರಿನ ರೈಫಲಿನಲ್ಲಿ.

ಬಂದೂಕು ಮೈಗೆ ಹೊಂದಬೇಕು

ಮೊದಲು ನಿಮ್ಮ ಯಜಮಾನ ಕಣ್ಣು ಯಾವುದೆಂದು ನೋಡಿಕೊಳ್ಳಿ. ಎರಡೂ ಕೈ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ಗಡಿಯಾರವನ್ನೋ ಮರದ ಗಂಟನ್ನೋ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯಿತೋ ಅದು ಯಜಮಾನ. ಬಲಗೈಯವರಿಗೆ ಎಡಗಣ್ಣು ಯಜಮಾನವಾಗಿದ್ದರೆ, ಹೊಸದಾಗಿ ಕಲಿಯುತ್ತಿದ್ದರೆ, ಎಡ ಭುಜದಿಂದಲೇ ಕಲಿಯುವುದು ಒಳ್ಳೆಯದು. ಶುರುವಿನಲ್ಲಿ ಎಡವಟ್ಟೆನಿಸಿದರೂ ಮುಂದೆ ಕಣ್ಣಿನ ಜೊತೆ ಜಗಳ ಇರುವುದಿಲ್ಲ.

ಆಮೇಲೆ ಬಟ್ಟಿನ, ಅಂದರೆ ಭುಜಕ್ಕೆ ಒತ್ತಿಕೊಳ್ಳುವ ಹಿಂಭಾಗದ ಉದ್ದ. ಮೊಳಕೈ ಮಡಚಿ, ಬಟ್ಟನ್ನು ಅದರ ಒಳಮಗ್ಗುಲಿಗೆ ಒತ್ತಿಟ್ಟಾಗ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಮುಟ್ಟಬೇಕು. ಸಾಮಾನ್ಯವಾಗಿ ಬಟ್ಟಿನ ತುದಿಯಿಂದ ಟ್ರಿಗರಿನವರೆಗೆ 13.5 ಇಂಚು ಇರುತ್ತದೆ, ಎತ್ತರದ ಗಂಡಸರಿಗೆ ಸರಿಹೋಗುವ ಅಳತೆ ಅದು. ಹೆಂಗಸರಿಗೆ, ಹದಿಹರೆಯದವರಿಗೆ ಅದೇ ಬಂದೂಕು ಕೊಟ್ಟು ‘ನಿಮಗೆ ತಡೆಯಲಾಗಲ್ಲ’ ಅನ್ನುವುದು ಅನ್ಯಾಯ. ಉದ್ದ ಹೆಚ್ಚಾದಾಗ ಬೆನ್ನು ಹಿಂದಕ್ಕೆ ವಾಲುತ್ತದೆ, ಬಟ್ಟು ಭುಜದಿಂದ ತೋಳಿನ ಕಡೆಗೆ ಜಾರುತ್ತದೆ, ಒದೆತ ತೋಳಿನ ಮೂಳೆಗೆ ಬೀಳುತ್ತದೆ. ದೋಷ ಅಳತೆಯದು, ಮನುಷ್ಯರದಲ್ಲ. ಮರದ ಬಟ್ಟು ಒಂದು ಇಂಚು ಕುಯ್ಯಿಸಿ ರಬ್ಬರ್ ಪ್ಯಾಡ್ ಹಾಕಿಸಿದರೆ ಅದೇ ರೈಫಲ್ ಬೇರೆಯದಾಗುತ್ತದೆ. ಪ್ಯಾಡ್ ಇಲ್ಲವೆಂದು ಟವೆಲ್ ಮಡಚಿ ಭುಜಕ್ಕೆ ಇಟ್ಟುಕೊಳ್ಳುವವರಿದ್ದಾರೆ. ಒಂದು ಗುಂಡಿಗೆ ಅದು ಜಾರುತ್ತದೆ, ಎರಡನೆಯದಕ್ಕೆ ಬಟ್ಟು ಎಲ್ಲಿ ಕೂರುತ್ತದೋ ಹೇಳಲಾಗದು.

ಭುಜದ ಗುಳಿ, ಕೆನ್ನೆ, ಕೈ

ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿ, ಎಡಗೈ ಬೆರಳುಗಳಿಂದ ಕೊರಳಿನ ಪಟ್ಟೆಮೂಳೆಯ ಕೆಳಗೆ ತಡವಿ ನೋಡಿ. ಎದೆಯ ಮಾಂಸಕ್ಕೂ ಭುಜದ ಗುಂಡು ಕೀಲಿಗೂ ನಡುವೆ ಮೆತ್ತನೆಯ ಒಂದು ಗುಳಿ ಸಿಗುತ್ತದೆ. ಬಟ್ಟು ಕೂರಬೇಕಾದ್ದು ಅಲ್ಲಿ. ಮೊಳಕೈ ತುಸು ಮೇಲೆತ್ತಿದಾಗ ಗುಳಿ ಆಳವಾಗುತ್ತದೆ, ತೀರ ಇಳಿಸಿದರೆ ಮುಚ್ಚಿಹೋಗುತ್ತದೆ. ಬಟ್ಟಿನ ಪೂರ್ತಿ ಮುಖ ಮಾಂಸಕ್ಕೆ ತಾಗಬೇಕು. ಬರೀ ಕೆಳಗಿನ ಮೂಲೆ ತಾಗಿದರೆ ಅಷ್ಟೂ ಒದೆತ ಆ ಒಂದು ಇಂಚಿಗೆ ಬೀಳುತ್ತದೆ. ಮೂಗೇಟು ನೋಡಿ ತಪ್ಪು ಹೇಳಬಹುದು: ತೋಳಿನ ಮೇಲೆ ನೀಲಿ ಮೂಡಿದ್ದರೆ ಬಟ್ಟು ಹೊರಗೆ ಇತ್ತು, ಪಟ್ಟೆಮೂಳೆ ನೋಯುತ್ತಿದ್ದರೆ ಮೇಲೆ ಇತ್ತು.

ಬಟ್ಟಿಗೂ ಭುಜಕ್ಕೂ ನಡುವೆ ಅಂತರ ಇರಲೇಬಾರದು. ಹೆದರಿದವರು ಸಹಜವಾಗಿಯೇ ಬಂದೂಕನ್ನು ಮೈಯಿಂದ ದೂರ ಹಿಡಿಯುತ್ತಾರೆ. ಆಗ ಅದು ವೇಗ ಪಡೆದುಕೊಂಡು ಬಂದು ಗುದ್ದುತ್ತದೆ. ಮೊದಲೇ ಒತ್ತಿಕೊಂಡಿದ್ದರೆ ಅದೇ ಬಲ ಬರೀ ತಳ್ಳುತ್ತದೆ, ಬಂದೂಕಿನ ತೂಕಕ್ಕೆ ನಿಮ್ಮ ಮೈಯ ತೂಕವೂ ಸೇರುತ್ತದೆ. ಎಷ್ಟು ಬಿಗಿ? ಕೈಕುಲುಕುವಾಗ ಹಿಡಿಯುವಷ್ಟು. ತೋಳು ನಡುಗುವಷ್ಟು ಬಿಗಿದರೆ ಸೈಟು ಕೂಡ ನಡುಗುತ್ತದೆ.

ಕೆನ್ನೆ ಮರದ ಮೇಲೆ ಒರಗಿರಬೇಕು, ಪ್ರತಿ ಸಲವೂ ಒಂದೇ ಜಾಗದಲ್ಲಿ. ಕೆನ್ನೆ ಎತ್ತಿದರೆ ಎರಡು ತೊಂದರೆ: ಕಣ್ಣು ಸೈಟಿನ ಗೆರೆ ಬಿಡುತ್ತದೆ, ಮರ ಎಗರಿ ದವಡೆಗೆ ಬಡಿಯುತ್ತದೆ. ದೊಡ್ಡ ಬೋರಿನ ರೈಫಲಿನಲ್ಲಿ ಹೆಬ್ಬೆರಳನ್ನು ಹಿಡಿಯ ಮೇಲೆ ಅಡ್ಡ ಹಾಕುವ ಬದಲು ಬದಿಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅದೇ ಹೆಬ್ಬೆರಳು ಮೂಗಿಗೆ ತಾಗುತ್ತದೆ. ದೂರದರ್ಶಕದ ಸ್ಕೋಪ್ ಇದ್ದರೆ ಕಣ್ಣಿಗೂ ಗಾಜಿಗೂ 8-9 ಸೆಂಟಿಮೀಟರ್ ಬಿಡಿ. ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯದ ಗುರುತಿರುವವರನ್ನು ಯಾವ ರೇಂಜಿನಲ್ಲೂ ಕಾಣಬಹುದು.

ಮಲಗಿ ಶುರು ಮಾಡಿ

.22ರಲ್ಲಿ ಮೊದಲ ಪಾಠ ಮಲಗಿ, ನಳಿಗೆಯ ಕೆಳಗಿನ ಮರವನ್ನು ಮರಳಿನ ಚೀಲದ ಮೇಲಿಟ್ಟು. ನಳಿಗೆಯನ್ನೇ ಚೀಲಕ್ಕೆ ತಾಗಿಸಬೇಡಿ, ಗುಂಡು ಬೇರೆ ಕಡೆ ಹೋಗುತ್ತದೆ. ಮೈ ಗುರಿಯ ಗೆರೆಗೆ ತುಸು ಓರೆ, ಕಾಲು ಅಗಲ, ಎಡ ಮೊಳಕೈ ಹೆಚ್ಚು ಕಡಿಮೆ ರೈಫಲಿನ ಕೆಳಗೆ. ಭಾರ ಹೊರಬೇಕಾದ್ದು ಮೂಳೆ, ಮಾಂಸವಲ್ಲ. ಮಾಂಸ ದಣಿಯುತ್ತದೆ.

ಈಗ ಎಲ್ಲರೂ ಬಿಟ್ಟುಬಿಡುವ ಹೆಜ್ಜೆ. ಗುರಿ ಹಿಡಿಯಿರಿ, ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಮೈ ಸಡಿಲ ಬಿಡಿ, ಕಣ್ಣು ತೆರೆಯಿರಿ. ಸೈಟು ಎಲ್ಲಿ ಹೋಗಿ ನಿಂತಿದೆಯೋ ನಿಮ್ಮ ಮೈ ನಿಜವಾಗಿ ತಿರುಗಿರುವುದು ಅತ್ತ. ಕೈಯಿಂದ ನಳಿಗೆಯನ್ನು ಗುರಿಗೆ ಎಳೆಯಬೇಡಿ. ಸೊಂಟ, ಕಾಲು ಸರಿಸಿ ಇಡೀ ಮೈಯನ್ನೇ ಹೊರಳಿಸಿ, ಕಣ್ಣು ತೆರೆದಾಗ ಸೈಟು ತಾನಾಗಿ ಗುರಿಯ ಮೇಲಿರುವವರೆಗೆ. ಇದು ಸರಿಯಾದರೆ ಒದೆದ ಮೇಲೂ ರೈಫಲ್ ಹಳೆಯ ಜಾಗಕ್ಕೇ ಬಂದು ಕೂರುತ್ತದೆ.

ಸೈಟು, ಉಸಿರು, ಟ್ರಿಗರ್

ಕಣ್ಣಿಗೆ ಹಿಂದಿನ ಸೈಟು, ಮುಂದಿನ ಸೈಟು, ಗುರಿ ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಆರಿಸಿಕೊಳ್ಳಬೇಕಾದ್ದು ಮುಂದಿನ ಸೈಟನ್ನು. ಅದರ ಅಂಚು ಚೂಪಾಗಿ ಕಾಣಲಿ, ಗುರಿ ಮಸುಕಾಗಿರಲಿ. ತೆರೆದ ಸೈಟಿನಲ್ಲಿ ಮುಂದಿನ ಕಡ್ಡಿಯ ತಲೆ ಹಿಂದಿನ ಕಚ್ಚಿನ ಮಟ್ಟಕ್ಕಿದ್ದು, ಎರಡೂ ಬದಿ ಸಮನಾದ ಬೆಳಕು ಇರಬೇಕು. ಗುರಿ ಮಸುಕಾದರೆ ಒಂದು ಚೂರು ತಪ್ಪುತ್ತೀರಿ, ಸೈಟು ಓರೆಯಾದರೆ ಹಾಳೆಯನ್ನೇ ತಪ್ಪುತ್ತೀರಿ.

ಉಸಿರು ಬಿಟ್ಟ ಮೇಲೆ ಮುಂದಿನದನ್ನು ಎಳೆದುಕೊಳ್ಳುವ ಮುಂಚೆ ಮೈ ತಾನಾಗಿ ಒಂದು ಗಳಿಗೆ ನಿಲ್ಲುತ್ತದೆ. ಗುಂಡು ಹೋಗಬೇಕಾದ್ದು ಆಗ. ಆ ನಿಲುಗಡೆಯನ್ನು ಏಳೆಂಟು ಸೆಕೆಂಡಿಗಿಂತ ಎಳೆಯಬೇಡಿ, ಕಣ್ಣು ಮಂಜಾಗುತ್ತದೆ. ಹೊತ್ತು ಮೀರಿತೆನಿಸಿದರೆ ಬೆರಳು ತೆಗೆದು, ಉಸಿರಾಡಿ, ಮತ್ತೆ ಮೊದಲಿಂದ ಶುರು ಮಾಡಿ. ‘ಹೋಗಲಿ, ಹೊಡೆದುಬಿಡೋಣ’ ಎಂದು ಒತ್ತಿದ ಗುಂಡು ಎಂದೂ ಸರಿಯಾಗಿ ಹೋಗುವುದಿಲ್ಲ.

ಟ್ರಿಗರಿಗೆ ಬೆರಳಿನ ತುದಿಯ ಮೆತ್ತನೆ ಭಾಗ ತಾಗಲಿ, ಗೆಣ್ಣಿನ ಮಡಿಕೆಯಲ್ಲ. ನೇರ ಹಿಂದಕ್ಕೆ, ನಿಧಾನಕ್ಕೆ ಒತ್ತಡ ಏರಿಸುತ್ತಾ ಹೋಗಿ. ಯಾವ ಕ್ಷಣಕ್ಕೆ ಹಾರುತ್ತದೆಂದು ನಿಮಗೇ ಗೊತ್ತಾಗಬಾರದು. ಹಾರಿದ ಮೇಲೂ ಬೆರಳನ್ನು ಹಿಂದೆಯೇ ಹಿಡಿದು, ಕೆನ್ನೆ ಎತ್ತದೆ, ಮುಂದಿನ ಸೈಟು ಎಲ್ಲಿ ಎಗರಿತು, ಎಲ್ಲಿ ಇಳಿಯಿತು ಎಂದು ನೋಡಿ. ಆಮೇಲೆ ಬೆರಳು ಸಡಿಲಿಸಿ. ಸೈಟು ಎಗರಿದ್ದನ್ನು ಕಂಡಿರಾದರೆ ಕಣ್ಣು ತೆರೆದಿತ್ತು ಎಂದರ್ಥ.

ಬೆಚ್ಚುವ ರೋಗ, ಅದರ ಮದ್ದು

ಬೆಚ್ಚುತ್ತಿದ್ದೀರೋ ಇಲ್ಲವೋ ನಿಮಗೇ ತಿಳಿಯುವುದಿಲ್ಲ. ಒದೆತ ಮತ್ತು ಸದ್ದು ಅದನ್ನು ಮುಚ್ಚಿಬಿಡುತ್ತವೆ. ಬಯಲಿಗೆಳೆಯುವ ಉಪಾಯ ಒಂದಿದೆ, ನನ್ನ ಮಟ್ಟಿಗೆ ಇಡೀ ಕಲಿಕೆಯಲ್ಲಿ ಇದಕ್ಕಿಂತ ಬೆಲೆಬಾಳುವ ಅಭ್ಯಾಸ ಬೇರೆ ಇಲ್ಲ.

ಜೊತೆಗಾರರೊಬ್ಬರು ನಿಮಗೆ ಕಾಣದಂತೆ ರೈಫಲ್ ತುಂಬಿ ಕೊಡಬೇಕು. ಕೆಲವು ಸಲ ನಿಜವಾದ ತೋಟಾ, ಕೆಲವು ಸಲ ಹೊಡೆದು ಖಾಲಿಯಾದ ತೋಟಾ. ನೀವು ಪ್ರತಿ ಸಲ ನಿಜವಾದದ್ದೇ ಇದೆ ಎಂದುಕೊಂಡು ಪೂರ್ತಿ ಕ್ರಮದಿಂದ ಟ್ರಿಗರ್ ಒತ್ತಬೇಕು. ಖಾಲಿ ತೋಟಾ ಬಂದಾಗ ‘ಟಕ್’ ಅನ್ನುತ್ತದೆ, ಅಷ್ಟೇ. ಆಗ ನಳಿಗೆಯ ತುದಿ ನೋಡಿ. ಬೆಚ್ಚುವವರ ನಳಿಗೆ ಗಕ್ಕನೆ ನಾಲ್ಕು ಬೆರಳು ಕೆಳಗಿಳಿಯುತ್ತದೆ, ಭುಜ ಮುಂದೆ ಬರುತ್ತದೆ, ರೆಪ್ಪೆ ಬಡಿಯುತ್ತದೆ. ಮುಖ ಕೆಂಪಾಗುತ್ತದೆ, ಸುತ್ತ ನಿಂತವರಿಗೆ ನಗು. ನಗುವಂಥದ್ದೇನೂ ಅಲ್ಲ, ಎಲ್ಲರ ಮೈಯಲ್ಲೂ ಇರುವುದೇ ಅದು. ಖಾಲಿ ತೋಟಾಕ್ಕೆ ನಳಿಗೆ ಅಲುಗದೆ ನಿಲ್ಲುವವರೆಗೆ ಇದನ್ನೇ ಮುಂದುವರಿಸಿ, ನಿಜವಾದ ತೋಟಾ ಕಡಿಮೆ, ಖಾಲಿ ಜಾಸ್ತಿ ಇರಲಿ.

ಮನೆಯಲ್ಲಿ ಮಾಡಬಹುದಾದ್ದು ಖಾಲಿ ಬಂದೂಕಿನ ಅಭ್ಯಾಸ. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ, ಚೇಂಬರ್ (ತೋಟಾ ಕೂರುವ ಗೂಡು) ಎರಡೆರಡು ಸಲ ನೋಡಿ, ಆಚೆ ಯಾರೂ ಇಲ್ಲದ ಗಟ್ಟಿ ಗೋಡೆಯ ಮೇಲೆ ಒಂದು ಚುಕ್ಕೆ ಅಂಟಿಸಿ. ನಳಿಗೆಯ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ ಇಡಲು ಇನ್ನೊಬ್ಬರಿಗೆ ಹೇಳಿ. ಟ್ರಿಗರ್ ಬಿದ್ದ ಮೇಲೂ ನಾಣ್ಯ ಅಲ್ಲೇ ಇರಬೇಕು. .22 ರೈಫಲನ್ನು ಏನೂ ಹಾಕದೆ ಒತ್ತಬೇಡಿ. ಅದರ ಸೂಜಿ ತೋಟಾದ ಅಂಚಿಗೆ ಬಡಿಯುವಂಥದ್ದು. ತೋಟಾ ಇಲ್ಲದಿದ್ದರೆ ಕೆಲವು ರೈಫಲ್‌ಗಳಲ್ಲಿ ಅದು ಚೇಂಬರಿನ ಉಕ್ಕಿಗೇ ಬಡಿದು ಅಂಚನ್ನು ಕೆಡಿಸುತ್ತದೆ. ಹೊಡೆದ ಖಾಲಿ ತೋಟಾ ಒಂದನ್ನು ಹಾಕಿಕೊಂಡರೆ ಸಾಕು, ಪ್ರತಿ ಸಲ ಸ್ವಲ್ಪ ತಿರುಗಿಸಿ.

ಮೈ ದಣಿದಾಗ ಬೆಚ್ಚುವುದು ಮರಳುತ್ತದೆ. ಭುಜ ನೋಯಲು ಶುರುವಾಯಿತೆಂದರೆ ಆ ದಿನದ ದೊಡ್ಡ ಬೋರು ಮುಗಿಯಿತು. ಬೇಕಿದ್ದರೆ ಕೊನೆಗೆ ನಾಲ್ಕು .22 ಹೊಡೆದು ಮನೆಗೆ ಹೋಗಿ.

ಹಾಳೆ ಓದುವುದು

ಒಂದು ಗುಂಡು ನೋಡಿ ಸೈಟು ತಿರುಗಿಸಬೇಡಿ. ಒಂದೇ ಜಾಗಕ್ಕೆ ಗುರಿಯಿಟ್ಟು ಐದು ಗುಂಡು ಹೊಡೆದು ಹಾಳೆ ನೋಡಿ. ಐದೂ ಒತ್ತೊತ್ತಾಗಿ ಗುರಿಯಿಂದ ಆಚೆ ಬಿದ್ದಿದ್ದರೆ ಅದು ಒಳ್ಳೆಯ ಸುದ್ದಿ: ನೀವು ಸರಿ, ಸೈಟು ತಿದ್ದಬೇಕು. ಚೆಲ್ಲಾಪಿಲ್ಲಿ ಬಿದ್ದಿದ್ದರೆ ಸೈಟು ಮುಟ್ಟುವ ಹಕ್ಕು ಇನ್ನೂ ಬಂದಿಲ್ಲ. ಮೇಲಿಂದ ಕೆಳಕ್ಕೆ ಗೆರೆ ಎಳೆದಂತಿದ್ದರೆ ಉಸಿರು ನಿಲ್ಲಿಸುತ್ತಿಲ್ಲ. ಎರಡು ಗುಂಪಾಗಿ ಒಡೆದಿದ್ದರೆ ನಡುವೆ ಕೆನ್ನೆಯನ್ನೋ ಮೊಳಕೈಯನ್ನೋ ಸರಿಸಿದ್ದೀರಿ. ಬಲಗೈಯವರ ಗುಂಡು ಕೆಳಗೆ, ಎಡಕ್ಕೆ ಚದುರಿದ್ದರೆ ಸಾಮಾನ್ಯವಾಗಿ ಬೆಚ್ಚುವುದೇ ಕಾರಣ.

ತಿದ್ದುವಾಗ ಗುಂಡು ಎತ್ತ ಹೋಗಬೇಕೋ ಹಿಂದಿನ ಸೈಟನ್ನು ಅತ್ತ ಸರಿಸಿ, ಮುಂದಿನದನ್ನಾದರೆ ತದ್ವಿರುದ್ಧ. ಸ್ಕೋಪಿನಲ್ಲಿ ಕಾಲು ಮಿನಿಟ್ ಕ್ಲಿಕ್ (ಮಿನಿಟ್ ಅಂದರೆ ಇಲ್ಲಿ ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಇದ್ದರೆ 50 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಸುಮಾರು 3.6 ಮಿಲಿಮೀಟರ್. ಗುಂಪು 36 ಮಿಲಿಮೀಟರ್ ಕೆಳಗಿದ್ದರೆ ಮೇಲಕ್ಕೆ ಹತ್ತು ಕ್ಲಿಕ್.

ದೊಡ್ಡ ಬೋರಿಗೆ ಕಾಲಿಡುವಾಗ

.22ರಲ್ಲಿ ಮಲಗಿ ಕಲಿತಿರಿ ಎಂದು .315ನ್ನೂ ಮಲಗಿಯೇ ಶುರು ಮಾಡಬೇಡಿ. ಮಲಗಿದ ಮೈಗೆ ಹಿಂದೆ ಸರಿಯಲು ಜಾಗವಿಲ್ಲ, ಒದೆತ ಪೂರ್ತಿ ಪಟ್ಟೆಮೂಳೆಗೆ ಬೀಳುತ್ತದೆ. ನಿಂತರೆ ಸೊಂಟದಿಂದ ಮೇಲೆ ಇಡೀ ಮೈ ತೂಗಿಕೊಳ್ಳುತ್ತದೆ. ಎಡಗಾಲು ಮುಂದೆ, ಎಡ ಮಂಡಿ ತುಸು ಬಾಗಿ, ಅರ್ಧಕ್ಕಿಂತ ಹೆಚ್ಚು ಭಾರ ಮುಂದಿನ ಕಾಲಿನ ಮೇಲೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ವಾಲಿ. ಹಿಂದಕ್ಕೆ ವಾಲಿ ನಿಂತವರನ್ನು 12 ಬೋರ್ ಒಂದು ಹೆಜ್ಜೆ ಹಿಂದೆ ತಳ್ಳುತ್ತದೆ, ಎರಡನೇ ನಳಿಗೆಯಲ್ಲೂ ತೋಟಾ ಇದ್ದರೆ ಅದು ಅಪಾಯ. ಒದೆತ ಬಂದಾಗ ಎದುರು ತಳ್ಳಬೇಡಿ. ಒತ್ತಿ ಹಿಡಿದು, ಅದು ತೂಗಿದಂತೆ ತೂಗಿ.

ಜೋಡು ನಳಿಗೆ ಕೋವಿಯಲ್ಲಿ ಮೊದಲ ದಿನಗಳಲ್ಲಿ ಒಂದೇ ತೋಟಾ ಹಾಕಿ. ಒದೆತಕ್ಕೆ ಬೆರಳು ಜಾರಿ ಎರಡನೇ ಟ್ರಿಗರಿಗೆ ಬಡಿದು ಎರಡೂ ಈಡು ಒಟ್ಟಿಗೆ ಹಾರಿದ್ದುಂಟು. ತೋಟಾದ ಆಯ್ಕೆ ನಿಮ್ಮ ಕೈಯಲ್ಲಿದೆ: 32 ಗ್ರಾಂ ಬದಲು 28 ಗ್ರಾಂ ಚರೆಯದ್ದು ತೆಗೆದುಕೊಂಡರೆ ವ್ಯತ್ಯಾಸ ಭುಜಕ್ಕೇ ತಿಳಿಯುತ್ತದೆ. ತೋಟಾದ ಉದ್ದ ಮಾತ್ರ ಚೇಂಬರಿನ ಮೇಲೆ ಕೆತ್ತಿದ ಅಳತೆಗೆ ಹೊಂದಲೇಬೇಕು. ಅಜ್ಜನ ಕಾಲದ 65 ಮಿಲಿಮೀಟರ್ ಚೇಂಬರಿಗೆ 70ರ ತೋಟಾ ತುರುಕುವುದು ಒದೆತಕ್ಕಿಂತ ದೊಡ್ಡ ಕೇಡು. ಹಳೆಯ ಕೋವಿಯನ್ನು ಒಳ್ಳೆಯ ಕಸುಬುದಾರರಿಗೆ ತೋರಿಸದೆ ಹೊಡೆಯಬೇಡಿ.

ಮೊದಲ ಸಲ ಮೂರು ನಾಲ್ಕು ಗುಂಡು ಸಾಕು. ಹೊಸಬರನ್ನು ಹೆದರಿಸಿ ಮಜಾ ನೋಡಲೆಂದೇ ದೊಡ್ಡ ಕೋವಿ ಕೈಗೆ ಕೊಡುವ ಚಾಳಿ ಕೆಲವೆಡೆ ಇದೆ. ಆ ಒಂದು ಗುಂಡಿನಿಂದ ಹುಟ್ಟಿದ ಬೆಚ್ಚುವಿಕೆ ಹೋಗಲು ವರ್ಷಗಳು ಬೇಕು. ಹಾಗೆ ಮಾಡುವವರ ಹತ್ತಿರ ಕಲಿಯಬೇಡಿ.

ತೆಂಗಿನಕಾಯಿಗೆ

ಕಾಯಿ ಉರುಟು, ಹಾಗಾಗಿ ಅಂಚಿಗೆ ತಾಗಿದ ಗುಂಡು ದಿಕ್ಕು ಬದಲಿಸಬಹುದು. ಕಾಯಿಯ ಹಿಂದೆ ಎತ್ತರದ, ಕಲ್ಲಿಲ್ಲದ ಮಣ್ಣಿನ ದಿಬ್ಬ ಇರಲೇಬೇಕು. ಬರೀ ಮರಕ್ಕೆ ಕಟ್ಟಿ, ಆಚೆ ಕಾಫಿ ತೋಟ ಇರುವ ಕಡೆ ಹೊಡೆಯಲೇಬಾರದು. ತೋಟದೊಳಗೆ ಕೆಲಸದವರು ಇರಬಹುದು.

ಗುರಿ ಇಡುವಾಗ ‘ಕಾಯಿ’ಯನ್ನು ನೋಡಬೇಡಿ, ಅದು ದೊಡ್ಡದು. ಅದರ ಮೇಲೆ ಒಂದು ಗುರುತು ಹುಡುಕಿ, ಒಂದು ನಾರಿನ ಎಳೆಯನ್ನೋ ಕಪ್ಪು ಕಲೆಯನ್ನೋ. ನಿಂತು ಹೊಡೆಯುವಾಗ ಸೈಟು ಅಲುಗುತ್ತಲೇ ಇರುತ್ತದೆ, ಅದನ್ನು ಪೂರ್ತಿ ನಿಲ್ಲಿಸಲು ಯಾರಿಂದಲೂ ಆಗದು. ನಡುವಿಗೆ ಬಂದಾಗ ಗಪ್ಪನೆ ಒತ್ತುವ ಆಸೆ ಬರುತ್ತದೆ. ತಡೆದುಕೊಳ್ಳಿ. ಅಲುಗಾಟ ಕಾಯಿಯೊಳಗೇ ಇರುವವರೆಗೆ ಒತ್ತಡ ಏರಿಸಿ, ಹೊರಹೋದರೆ ಇದ್ದಲ್ಲೇ ನಿಲ್ಲಿಸಿ, ಮರಳಿದಾಗ ಮುಂದುವರಿಸಿ.

ಹುಸಿ ಹೋದರೆ, ಮುಗಿದ ಮೇಲೆ

ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ಬೋಲ್ಟ್ ಮುಟ್ಟದೆ, ನಳಿಗೆ ದಿಬ್ಬದ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡ್ ಕಾಯಿರಿ. ತಡವಾಗಿ ಹತ್ತಿಕೊಳ್ಳುವ ತೋಟಾಗಳಿರುತ್ತವೆ. ಇನ್ನೊಂದು, ಸದ್ದು ಎಂದಿನಂತಿರದೆ ‘ಪುಸ್’ ಎಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳುತ್ತದೆ. ಬೋಲ್ಟ್ ತೆಗೆದು, ಹಿಂದಿನಿಂದ ಬೆಳಕು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಬಂದೂಕು ರಿಪೇರಿಯವರ ಹತ್ತಿರ ಒಯ್ಯಿರಿ.

ಕೊಡಗು, ಮಲೆನಾಡಿನ ಮಳೆಗಾಲದಲ್ಲಿ ನಳಿಗೆಗೆ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು. ಹೊಡೆದ ದಿನವೇ ಚೇಂಬರಿನ ಕಡೆಯಿಂದ ಬ್ರಷ್ ಹಾಕಿ, ಬಿಳಿ ಬಟ್ಟೆ ಸ್ವಚ್ಛವಾಗಿ ಬರುವವರೆಗೆ ಒರೆಸಿ, ತೆಳ್ಳಗೆ ಎಣ್ಣೆ ಸವರಿ. ಚರ್ಮದ ಚೀಲದೊಳಗೆ ಇಟ್ಟು ಮರೆಯಬೇಡಿ, ಚರ್ಮ ತೇವ ಹಿಡಿಯುತ್ತದೆ. ಮತ್ತೆ ಹೊಡೆಯುವ ಮುನ್ನ ನಳಿಗೆಯೊಳಗಿನ ಎಣ್ಣೆ ಒರೆಸಿ ತೆಗೆಯಿರಿ. ಗುಂಡು ಸೀಸದ್ದು, ಆದ್ದರಿಂದ ಊಟಕ್ಕೆ ಕೂರುವ ಮೊದಲು ಕೈ ಮುಖ ಸೋಪು ಹಾಕಿ ತೊಳೆಯಬೇಕು, ಮಕ್ಕಳನ್ನು ಎತ್ತಿಕೊಳ್ಳುವ ಮೊದಲು ಅಂಗಿ ಬದಲಿಸಬೇಕು. ಬಂದೂಕು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ, ಎರಡರ ಕೀಲಿಯೂ ಬೇರೆ ಬೇರೆ ಜಾಗದಲ್ಲಿ ಇರಲಿ.